ಹುಡುಗಿಯರ ತಂಡದ ಬೆಂಚಿನಲ್ಲಿ ಯಾರಿರಬೇಕು?

ಬ್ಯಾಸ್ಕೆಟ್‌ಬಾಲ್‌ನ ಅಂತರರಾಷ್ಟ್ರೀಯ ಒಕ್ಕೂಟ ಫಿಬಾ. ಅದರ ನಿಯಮಾವಳಿಯ ಪ್ರಕಾರ ಪ್ರತಿ ತಂಡದ ಬೆಂಚಿನ ಜಾಗದಲ್ಲಿ 16 ಕುರ್ಚಿಗಳಿರಬೇಕು. ತಂಡದ 12 ಆಟಗಾರ್ತಿಯರಲ್ಲಿ ಐವರು ಅಂಕಣದಲ್ಲಿರುತ್ತಾರೆ. ಉಳಿದ ಏಳು ಮಂದಿಗೆ ಏಳು ಕುರ್ಚಿ. ಇನ್ನೊಂದು ಮುಖ್ಯ ತರಬೇತುದಾರರದು. ಆಮೇಲೂ ಎಂಟು ಕುರ್ಚಿ ಮಿಕ್ಕುತ್ತವೆ. ಅವು ಇಬ್ಬರು ಸಹಾಯಕ ತರಬೇತುದಾರರೂ ಸೇರಿದಂತೆ ತಂಡದ ಸಿಬ್ಬಂದಿಗೆ ಮೀಸಲು. ಚಿಕ್ಕಮಗಳೂರಿನಲ್ಲಿ ಅಂತರಕಾಲೇಜು ಮಹಿಳಾ ಪಂದ್ಯ ನಡೆಯುವಾಗ ಬೆಂಚಿನ ಕಡೆ ಕಣ್ಣು ಹಾಯಿಸಿದರೆ, ಆ ಎಂಟು ಜನರ ಜಾಗದಲ್ಲಿ ಸಾಮಾನ್ಯವಾಗಿ ಕಾಣುವುದು ಕಿಟ್ ಬ್ಯಾಗುಗಳ ರಾಶಿ, ನೀರಿನ ಕ್ಯಾನು ಮತ್ತು ಎಲ್ಲರ ಮೊಬೈಲುಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಗೆಳತಿಯೊಬ್ಬಳು.

ನೋಡುವವರಿಗೆ ಇದೊಂದು ಕೊರತೆ ಎನ್ನಿಸುವುದೇ ಇಲ್ಲ. ಕೋಚ್ ಇದ್ದಾರೆ, ಗೆರೆಯ ಪಕ್ಕ ನಿಂತು ಕೂಗುತ್ತಿದ್ದಾರೆ, ಇನ್ನೇನು ಬೇಕು? ಆದರೆ ಕೋಚ್ ಎಂಬ ಒಂದೇ ಹೆಸರಿನ ಅಡಿಯಲ್ಲಿ ಏಳೆಂಟು ಬೇರೆ ಬೇರೆ ಕೆಲಸಗಳಿವೆ. ಅವುಗಳಲ್ಲಿ ಕೆಲವನ್ನು ಎಷ್ಟೇ ಸಮರ್ಥರಾದರೂ ಒಬ್ಬರೇ ಒಂದೇ ಹೊತ್ತಿನಲ್ಲಿ ಮಾಡಲಾಗುವುದಿಲ್ಲ. ಆ ಕೆಲಸಗಳು ಯಾವುವು, ದೊಡ್ಡ ತಂಡಗಳು ಅವನ್ನು ಹೇಗೆ ಹಂಚಿಕೊಳ್ಳುತ್ತವೆ, ನಮ್ಮ ಜಿಲ್ಲೆಯ ಕಾಲೇಜೊಂದು ಮೊದಲು ಯಾವುದನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಲಾಭ ಎಂಬುದನ್ನು ಬಿಡಿಸಿ ನೋಡುವುದು ಇಲ್ಲಿನ ಉದ್ದೇಶ.

ನಮ್ಮಲ್ಲಿ ಇಷ್ಟೂ ಭಾರವನ್ನು ಹೊರುವವರು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ವಿದ್ಯಾರ್ಥಿಗಳ ಬಾಯಲ್ಲಿ ಪಿ.ಇ. ಸರ್ ಅಥವಾ ಪಿ.ಇ. ಮೇಡಂ. ಬಿ.ಪಿ.ಇಡಿ., ಎಂ.ಪಿ.ಇಡಿ. ಓದಿದವರು ಎಲ್ಲ ಆಟಗಳನ್ನೂ ಬಲ್ಲರು ಎಂಬ ಕಾರಣಕ್ಕೇ ಎಲ್ಲ ಆಟಗಳೂ ಅವರ ತಲೆಗೆ ಬಂದಿವೆ. ಕಬಡ್ಡಿ, ಕೊಕ್ಕೊ, ವಾಲಿಬಾಲ್, ಥ್ರೋಬಾಲ್, ಅಥ್ಲೆಟಿಕ್ಸ್ ಎಲ್ಲ ಮುಗಿಸಿ, ಸ್ವಾತಂತ್ರ್ಯ ದಿನದ ಪಥಸಂಚಲನಕ್ಕೆ ಸಾಲು ನಿಲ್ಲಿಸಿ, ದಸರಾ ಕ್ರೀಡಾಕೂಟಕ್ಕೆ ಹೆಸರು ಕಳುಹಿಸಿದ ಮೇಲೆ ಬ್ಯಾಸ್ಕೆಟ್‌ಬಾಲ್‌ಗೆ ಸಮಯ. ಪದವಿ ಕಾಲೇಜಾದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಟೂರ್ನಿ, ಎಂಜಿನಿಯರಿಂಗ್ ಕಾಲೇಜಾದರೆ ಬೆಳಗಾವಿಯ ವಿಟಿಯು ಟೂರ್ನಿ. ಮಳೆಗಾಲದಲ್ಲಿ ಸಿಮೆಂಟ್ ಅಂಕಣ ಪಾಚಿಗಟ್ಟಿರುತ್ತದೆ. ಅದು ಒಣಗುವ ಹೊತ್ತಿಗೆ ಪಂದ್ಯದ ಸುತ್ತೋಲೆ ಬಂದಿರುತ್ತದೆ.

ಹೋಲಿಕೆಗೆ ಅಮೆರಿಕದ ಕಾಲೇಜು ತಂಡಗಳನ್ನು ತೆಗೆದುಕೊಳ್ಳಬೇಕಾಗುತ್ತದೆ. ಮಹಿಳಾ ತಂಡಗಳ ತರಬೇತಿ ಸಿಬ್ಬಂದಿ ಎಂಬ ವ್ಯವಸ್ಥೆ ಪೂರ್ತಿಯಾಗಿ ಬೆಳೆದು ನಿಂತಿರುವುದು ಅಲ್ಲಿ. ಆದರೆ ಅಲ್ಲಿಯೂ ಅದು ಮೊದಲಿನಿಂದ ಇದ್ದದ್ದಲ್ಲ. 1974ರಲ್ಲಿ ಟೆನ್ನೆಸ್ಸಿ ವಿಶ್ವವಿದ್ಯಾಲಯದ ಮಹಿಳಾ ತಂಡದ ಹೊಣೆ ಹೊತ್ತಾಗ ಪ್ಯಾಟ್ ಸಮಿಟ್ ಅವರಿಗೆ 22 ವರ್ಷ. ತಿಂಗಳಿಗೆ 250 ಡಾಲರ್ ಸಂಬಳ. ಪಂದ್ಯಗಳಿಗೆ ವ್ಯಾನ್ ಓಡಿಸಿದವರೂ ಅವರೇ, ಆಟ ಮುಗಿದ ಮೇಲೆ ಸಮವಸ್ತ್ರ ಒಗೆದವರೂ ಅವರೇ. ಆ ಸಮವಸ್ತ್ರವನ್ನಾದರೂ ಕೊಂಡದ್ದು ಡೋನಟ್ ಮಾರಿ ಕೂಡಿಸಿದ ಹಣದಲ್ಲಿ. ಅದೇ ಸಮಿಟ್ 2012ರಲ್ಲಿ ನಿವೃತ್ತರಾಗುವಾಗ ಅವರ ಲೆಕ್ಕದಲ್ಲಿ 1,098 ಗೆಲುವುಗಳೂ ಎಂಟು ರಾಷ್ಟ್ರೀಯ ಪ್ರಶಸ್ತಿಗಳೂ ಇದ್ದವು. ನಡುವೆ ಆದದ್ದೇನು? ಸರ್ಕಾರಿ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ತಾರತಮ್ಯ ಕೂಡದು ಎಂದ 1972ರ ಕಾನೂನು ನಿಧಾನವಾಗಿ ಕಾಲೇಜು ಕ್ರೀಡೆಯ ಹಣದ ಪೆಟ್ಟಿಗೆಯ ಬೀಗ ತೆಗೆಸಿತು. 2021ರಲ್ಲಿ ಸೌತ್ ಕ್ಯಾರೊಲಿನಾದ ಮಹಿಳಾ ತಂಡದ ಕೋಚ್ ಡಾನ್ ಸ್ಟೇಲಿ ಏಳು ವರ್ಷಕ್ಕೆ 2 ಕೋಟಿ 24 ಲಕ್ಷ ಡಾಲರಿನ ಒಪ್ಪಂದಕ್ಕೆ ಸಹಿ ಹಾಕಿದರು.

ಈಗ ಅಲ್ಲಿನ ಮೊದಲ ದರ್ಜೆಯ ತಂಡವೊಂದರ ಬೆಂಚಿಗೆ ಬರೋಣ. 2023ರ ಜುಲೈಯಿಂದ ಜಾರಿಗೆ ಬಂದ ನಿಯಮದಂತೆ ಮುಖ್ಯ ತರಬೇತುದಾರರ ಜೊತೆ ಐವರು ಸಹಾಯಕ ತರಬೇತುದಾರರಿರಬಹುದು. ಆದರೆ ಆ ಐವರಲ್ಲಿ ಮೂವರಿಗೆ ಮಾತ್ರ ಊರೂರು ಸುತ್ತಿ ಹೈಸ್ಕೂಲಿನ ಹುಡುಗಿಯರನ್ನು ತಂಡಕ್ಕೆ ಆರಿಸುವ ಅಧಿಕಾರ. ಇವರಲ್ಲದೆ ಪ್ರಯಾಣ, ವಸತಿ, ಲೆಕ್ಕಪತ್ರ ನೋಡಿಕೊಳ್ಳುವ ಕಾರ್ಯನಿರ್ವಹಣಾ ನಿರ್ದೇಶಕರು, ವಿಡಿಯೊ ನೋಡಿ ಕತ್ತರಿಸಿ ಕೊಡುವವರು, ದೇಹಬಲದ ತರಬೇತುದಾರರು, ಗಾಯ ನೋಡಿಕೊಳ್ಳುವವರು, ಓದಿನ ಮೇಲೆ ಕಣ್ಣಿಡುವ ಸಲಹೆಗಾರರು, ಮತ್ತು ಚೆಂಡು, ಟವೆಲ್, ನೀರು ಎಂದು ಓಡಾಡುವ ವಿದ್ಯಾರ್ಥಿ ಮ್ಯಾನೇಜರುಗಳು.

ಹೆಸರುಗಳ ಉದ್ದನೆಯ ಪಟ್ಟಿ ಕಂಡು ದಿಗಿಲು ಬೇಡ. ಕಾಫಿ ತೋಟ ಕಂಡವರಿಗೆ ಇದರ ಒಳಗುಟ್ಟು ಬೇಗ ಹಿಡಿಯುತ್ತದೆ. ಯಾವ ಬ್ಲಾಕಿನಲ್ಲಿ ಯಾವಾಗ ಏನು ಆಗಬೇಕೆಂದು ಮಾಲೀಕರು ತೀರ್ಮಾನಿಸುತ್ತಾರೆ. ಮೇಸ್ತ್ರಿ ಆಳುಗಳ ಜೊತೆ ನಿಂತು ಕೆಲಸ ತೆಗೆಯುತ್ತಾನೆ. ರೈಟರು ಹಾಜರಿ, ಬಟವಾಡೆ, ದಾಸ್ತಾನು ಬರೆಯುತ್ತಾರೆ. ರೈಟರಿಲ್ಲದ ತೋಟದಲ್ಲಿ ಮಾಲೀಕರೇ ಬಟವಾಡೆ ಪುಸ್ತಕ ಹಿಡಿದು ಕೂರಬೇಕು, ಅಷ್ಟು ಹೊತ್ತು ತೋಟ ನೋಡುವವರಿಲ್ಲ. ಮುಖ್ಯ ತರಬೇತುದಾರರು, ಸಹಾಯಕ ತರಬೇತುದಾರರು, ಕಾರ್ಯನಿರ್ವಹಣಾ ನಿರ್ದೇಶಕರು ಎಂಬ ಮೂರು ಹುದ್ದೆಗಳ ಹಂಚಿಕೆಯೂ ಇಷ್ಟೇ.

ಸಹಾಯಕರು ಎಂದರೆ ಮುಖ್ಯ ಕೋಚ್ ಹೇಳಿದ್ದನ್ನು ಇನ್ನಷ್ಟು ಜೋರಾಗಿ ಹೇಳುವವರು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅಸಲಿಗೆ ಅವರ ದೊಡ್ಡ ಕೆಲಸ ಪಂದ್ಯಕ್ಕೆ ಮುಂಚಿನದು. ಮುಂದಿನ ಎದುರಾಳಿಗಳನ್ನು ಸಹಾಯಕರು ತಮ್ಮೊಳಗೆ ಹಂಚಿಕೊಳ್ಳುತ್ತಾರೆ. ಈ ವಾರದ ತಂಡ ಒಬ್ಬರ ಪಾಲು, ಮುಂದಿನ ವಾರದ್ದು ಇನ್ನೊಬ್ಬರ ಪಾಲು. ಪಾಲು ಪಡೆದವರು ಆ ತಂಡದ ಹಳೆಯ ಪಂದ್ಯಗಳನ್ನು ನೋಡಿ, ಎದುರಾಳಿ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ತಂದು ಆಟ ನಡೆಸುವವಳು, ಎಡಗೈಯಲ್ಲಿ ಚೆಂಡು ಪುಟಿಸಲು ಹಿಂಜರಿಯುತ್ತಾಳೆಯೇ, ಒತ್ತಡ ಬಿದ್ದಾಗ ಚೆಂಡು ಯಾರ ಕೈಗೆ ಹೋಗುತ್ತದೆ, ಬದಿಯಿಂದ ಚೆಂಡು ಒಳಗೆ ಹಾಕುವಾಗ ಯಾವ ಆಟ ಆಡುತ್ತಾರೆ ಎಂದು ಬರೆದು ತರುತ್ತಾರೆ. ಅದನ್ನು ತಂಡಕ್ಕೆ ಒಪ್ಪಿಸುವವರೂ ಅವರೇ. ಸೋತರೆ ಮೊದಲ ಪ್ರಶ್ನೆಯೂ ಅವರಿಗೇ.

ಈ ಅಭ್ಯಾಸಕ್ಕೆ ಅಮೆರಿಕದ ಮಹಿಳಾ ತಂಡಗಳು ಕಂಡುಕೊಂಡ ಉಪಾಯವೊಂದು ನನಗೆ ಬಹಳ ಇಷ್ಟ. ಅದೇ ಕಾಲೇಜಿನಲ್ಲಿ ಓದುವ, ಆದರೆ ಕಾಲೇಜಿನ ಪುರುಷರ ತಂಡದಲ್ಲಿ ಇಲ್ಲದ ಹುಡುಗರನ್ನು ಅಭ್ಯಾಸದ ಎದುರಾಳಿಗಳಾಗಿ ಕರೆಯುತ್ತಾರೆ. ಮುಂದಿನ ಪಂದ್ಯದ ಎದುರಾಳಿಗಳು ಹೇಗೆ ಆಡುತ್ತಾರೋ ಹಾಗೆ ಆಡಲು ಈ ಹುಡುಗರಿಗೆ ಸಹಾಯಕ ಕೋಚ್ ಕಲಿಸಿಕೊಡುತ್ತಾರೆ. ನೀನು ಆ ತಂಡದ ಏಳನೇ ನಂಬರಿನವಳು, ಬಲಕ್ಕೆ ಮಾತ್ರ ತಿರುಗು ಎಂದರೆ ಅವನು ಹಾಗೆಯೇ ತಿರುಗುತ್ತಾನೆ. ಹುಡುಗಿಯರಿಗೆ ಹೆಚ್ಚು ವೇಗದ, ಹೆಚ್ಚು ಎತ್ತರದ ಎದುರಾಳಿ ಸಿಗುತ್ತಾನೆ; ತಮ್ಮದೇ ತಂಡದ ಬದಲಿ ಆಟಗಾರ್ತಿಯರು ದಿನವಿಡೀ ಪೆಟ್ಟು ತಿನ್ನುವುದು ತಪ್ಪುತ್ತದೆ. ಇದಕ್ಕೆ ಹಣ ಬೇಡ. ಸಂಜೆ ಅರ್ಧ ಅಂಕಣ ಹುಡುಗರಿಗೆ, ಅರ್ಧ ಹುಡುಗಿಯರಿಗೆ ಎಂದು ಪಾಲು ಮಾಡಿಕೊಂಡು ಒಬ್ಬರ ಮುಖ ಒಬ್ಬರು ನೋಡದೆ ಆಡುವ ನಮ್ಮ ಕಾಲೇಜುಗಳಲ್ಲಿ ಇದು ಏಕೆ ಶುರುವಾಗಿಲ್ಲ ಎಂಬುದಕ್ಕೆ ಕಾರಣ ಎಲ್ಲರಿಗೂ ಗೊತ್ತು. ಆ ಕಾರಣಕ್ಕೂ ಬ್ಯಾಸ್ಕೆಟ್‌ಬಾಲ್‌ಗೂ ಸಂಬಂಧವಿಲ್ಲ. ಜವಾಬ್ದಾರಿಯುತ ಸಹಾಯಕರೊಬ್ಬರು ಅಂಕಣದಲ್ಲಿ ನಿಂತಿದ್ದರೆ ಪ್ರಾಂಶುಪಾಲರ ಅರ್ಧ ಆತಂಕ ಅಲ್ಲಿಗೇ ಮುಗಿಯುತ್ತದೆ.

ಇನ್ನು ಪಂದ್ಯದ ಹೊತ್ತು. ಒಬ್ಬರ ತಲೆಗೆ ಏಕೆ ಸಾಲದು ಎಂಬುದು ಚೆನ್ನಾಗಿ ಕಾಣುವುದು ಇಲ್ಲಿ. ಫಿಬಾ ಪಂದ್ಯದಲ್ಲಿ ತಲಾ 10 ನಿಮಿಷದ ನಾಲ್ಕು ಕ್ವಾರ್ಟರ್. ಕೊನೆಯ ಕ್ವಾರ್ಟರಿನಲ್ಲಿ 2 ನಿಮಿಷ 40 ಸೆಕೆಂಡ್ ಉಳಿದಿದೆ, ನಮ್ಮ ತಂಡ ಎರಡು ಅಂಕ ಹಿಂದಿದೆ ಎಂದುಕೊಳ್ಳಿ. ಕೋಚ್‌ಗೆ ಆ ಗಳಿಗೆಯಲ್ಲಿ ಗೊತ್ತಿರಬೇಕಾದದ್ದು: ಈ ಕ್ವಾರ್ಟರಿನಲ್ಲಿ ನಮ್ಮ ತಂಡದ ಫೌಲ್ ಎಷ್ಟು, ಎದುರಾಳಿಗಳದ್ದೆಷ್ಟು (ನಾಲ್ಕಾದ ಮೇಲೆ ಪ್ರತಿ ಫೌಲಿಗೆ ಎರಡು ಫ್ರೀ ಥ್ರೋ ಕೊಡಬೇಕಾಗುತ್ತದೆ), ನಾಲ್ಕು ಫೌಲ್ ಆಗಿ ಐದನೆಯದರಲ್ಲಿ ಹೊರಬೀಳುವ ಅಂಚಿನಲ್ಲಿರುವವರು ಯಾರು, ಯಾರು ಎಂಟು ನಿಮಿಷದಿಂದ ಬೆಂಚಿಗೇ ಬಂದಿಲ್ಲ, ಮತ್ತು ಆಟ ನಿಲ್ಲಿಸಿ ತಂಡದ ಜೊತೆ ಮಾತಾಡಲು ಸಿಗುವ ಟೈಮ್‌ಔಟ್ ಎಷ್ಟು ಉಳಿದಿವೆ.

ಕೊನೆಯದರಲ್ಲಿ ಒಂದು ಮೋಸದ ಗುಂಡಿ ಇದೆ. ಮೊದಲರ್ಧಕ್ಕೆ ಎರಡು, ದ್ವಿತೀಯಾರ್ಧಕ್ಕೆ ಮೂರು ಟೈಮ್‌ಔಟ್ ಸಿಗುತ್ತವೆ. ಆದರೆ ಕೊನೆಯ ಕ್ವಾರ್ಟರಿನ ಕೊನೆಯ ಎರಡು ನಿಮಿಷದಲ್ಲಿ ಎರಡಕ್ಕಿಂತ ಹೆಚ್ಚು ಬಳಸುವಂತಿಲ್ಲ. ಅಂದರೆ ಮೂರನ್ನೂ ಜೋಪಾನವಾಗಿ ಉಳಿಸಿಕೊಂಡು ಕುಳಿತ ಕೋಚ್‌ಗೆ, ಗಡಿಯಾರ 2:00 ತೋರಿಸಿದ ಕ್ಷಣ ಒಂದು ಟೈಮ್‌ಔಟ್ ಕೈತಪ್ಪಿ ಹೋಗುತ್ತದೆ. ಕಾಪಿಟ್ಟದ್ದಕ್ಕೇ ನಷ್ಟ. ಚೆಂಡಿನ ಹಿಂದೆ ಕಣ್ಣಿಟ್ಟು, ರೆಫರಿಯ ಮೇಲೆ ಸಿಟ್ಟಾಗಿ, ಬಲಗಡೆ ಮೂಲೆಯಲ್ಲಿ ಒಬ್ಬಳೇ ನಿಂತ ಹುಡುಗಿಗೆ ಕೂಗಿ ಹೇಳುತ್ತಿರುವವರಿಗೆ ಇದು ನೆನಪಾಗುವುದು ಗಡಿಯಾರ 1:55 ತೋರಿಸುವಾಗ. ಪಕ್ಕದಲ್ಲಿ ಕುಳಿತು ಕಾಗದದ ಮೇಲೆ ಈ ಲೆಕ್ಕಗಳನ್ನು ಗುರುತು ಹಾಕುತ್ತಾ, ಈಗಲೇ ಒಂದು ತೆಗೆದುಕೊಳ್ಳಿ ಮೇಡಂ ಎನ್ನುವ ಒಬ್ಬರಿದ್ದರೆ ಈ ನಷ್ಟವಿಲ್ಲ. ಸಹಾಯಕ ಹುದ್ದೆಯ ಬೆಲೆ ಏನೆಂದು ಕೇಳುವ ಆಡಳಿತ ಮಂಡಳಿಗೆ ನಾನಾದರೆ ಇದೊಂದು ಉದಾಹರಣೆ ಕೊಟ್ಟು ಸುಮ್ಮನಾಗುತ್ತೇನೆ.

ಟೈಮ್‌ಔಟ್ ಎಂದರೆ ಒಂದೇ ನಿಮಿಷ. ದೊಡ್ಡ ತಂಡಗಳಲ್ಲಿ ಅದರ ಮೊದಲ ಹತ್ತು ಹದಿನೈದು ಸೆಕೆಂಡ್ ಕೋಚ್ ಆಟಗಾರ್ತಿಯರ ಬಳಿಗೇ ಹೋಗುವುದಿಲ್ಲ. ಸಿಬ್ಬಂದಿಯೆಲ್ಲ ಎರಡು ಹೆಜ್ಜೆ ಆಚೆ ಸೇರಿ ತಲೆಗೆ ತಲೆ ಕೊಟ್ಟು ಮಾತಾಡುತ್ತಾರೆ. ಒಬ್ಬರು ರಕ್ಷಣೆಯ ದೋಷ ಹೇಳುತ್ತಾರೆ, ಇನ್ನೊಬ್ಬರು ಫೌಲ್ ಲೆಕ್ಕ ಕೊಡುತ್ತಾರೆ, ಮುಖ್ಯ ಕೋಚ್ ಅದರಲ್ಲಿ ಒಂದನ್ನೋ ಎರಡನ್ನೋ ಆರಿಸಿಕೊಂಡು ಹುಡುಗಿಯರ ಮುಂದೆ ಕೂರುತ್ತಾರೆ. ಅಷ್ಟರಲ್ಲಿ ಅವರು ನೀರು ಕುಡಿದು ಉಸಿರು ಹಿಡಿದಿರುತ್ತಾರೆ. ಸಿಬ್ಬಂದಿಯಿಲ್ಲದ ಬೆಂಚಿನಲ್ಲಿ ಏನಾಗುತ್ತದೆಂದು ನಮಗೆ ಗೊತ್ತು: ಅರವತ್ತು ಸೆಕೆಂಡಿನಲ್ಲಿ ಒಂಬತ್ತು ಸಂಗತಿ, ಜೊತೆಗೆ ಕಳೆದ ಪಂದ್ಯದ ಬೈಗುಳದ ಬಾಕಿ.

ನಿಯಮಗಳೂ ಈ ಹಂಚಿಕೆಯನ್ನು ಗುರುತಿಸಿವೆ. ಟೈಮ್‌ಔಟ್ ಕೇಳುವ ಹಕ್ಕಿರುವುದು ಮುಖ್ಯ ತರಬೇತುದಾರರಿಗೆ ಮತ್ತು ಮೊದಲ ಸಹಾಯಕರಿಗೆ ಮಾತ್ರ. ಪಂದ್ಯದ ವೇಳೆ ನಿಂತು ಸೂಚನೆ ಕೊಡುವುದಕ್ಕೂ ಅವರಿಬ್ಬರಿಗೇ ಅವಕಾಶ, ಅದೂ ಒಂದು ಸಲಕ್ಕೆ ಒಬ್ಬರಿಗೆ. ಬದಲಿ ಆಟಗಾರ್ತಿಯನ್ನು ಇಳಿಸಲು ಕೋಚ್ ಕೂಗಿದರೆ ಸಾಲದು. ಆ ಹುಡುಗಿಯೇ ಎದ್ದು ಸ್ಕೋರರ್ ಮೇಜಿಗೆ ಹೋಗಿ ಕೇಳಬೇಕು. ಬೆಂಚಿನಲ್ಲಿ ಕುಳಿತವರು ರೆಫರಿಯನ್ನು ಹೀಯಾಳಿಸಿದರೆ ಟೆಕ್ನಿಕಲ್ ಫೌಲ್, ಅಂದರೆ ಕೆಟ್ಟ ನಡತೆಗೆ ಹಾಕುವ ಫೌಲ್, ಬೀಳುವುದು ಮುಖ್ಯ ತರಬೇತುದಾರರ ಹೆಸರಿಗೆ. ಅಂಥವು ಮೂರಾದರೆ ಅವರು ಅಂಕಣ ಬಿಟ್ಟು ನಡೆಯಬೇಕು. ಖಾಲಿ ಕುರ್ಚಿಗಳನ್ನು ಗೆಳೆಯರಿಂದಲೂ ಹಳೆಯ ವಿದ್ಯಾರ್ಥಿಗಳಿಂದಲೂ ತುಂಬಿಸುವ ಉತ್ಸಾಹಿಗಳು ಇದನ್ನು ನೆನಪಿಡುವುದು ಒಳ್ಳೆಯದು. ಕೋಚ್ ಹೊರಬಿದ್ದು, ಮೊದಲ ಸಹಾಯಕರ ಹೆಸರು ಸ್ಕೋರ್ ಶೀಟಿನಲ್ಲಿ ಇಲ್ಲದಿದ್ದರೆ ನಾಯಕಿಯೇ ಕೋಚ್ ಆಗಬೇಕು, ಆಡುತ್ತಲೇ.

ಸಹಾಯಕರ ಬಾಳು ಅಲ್ಲಿಯೂ ಹೂವಿನ ಹಾಸಿಗೆಯಾಗಿರಲಿಲ್ಲ. ಡ್ಯೂಕ್ ವಿಶ್ವವಿದ್ಯಾಲಯದ ಪುರುಷರ ತಂಡದ ಹೆಸರಾಂತ ಕೋಚ್ 1995ರ ಆರಂಭದಲ್ಲಿ ಬೆನ್ನುನೋವಿನಿಂದ ರಜೆಯ ಮೇಲೆ ಹೋದಾಗ ತಂಡ ನಡೆಸಿದವರು ಸಹಾಯಕ ಪೀಟ್ ಗೋಡೆಟ್. ಉಳಿದ ಪಂದ್ಯಗಳಲ್ಲಿ ನಾಲ್ಕು ಗೆಲುವು, 15 ಸೋಲು. ದಾಖಲೆಯಲ್ಲಿ ಅವೆಲ್ಲ ಗೋಡೆಟ್ ಹೆಸರಿಗೇ ಬಿದ್ದವು. ಆಗ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎ ಪ್ರತಿ ತಂಡದ ಒಂದು ಸಹಾಯಕ ಹುದ್ದೆಗೆ ವರ್ಷಕ್ಕೆ 16,000 ಡಾಲರಿನ ಮಿತಿ ಹಾಕಿತ್ತು. ಗೋಡೆಟ್ ಅದರಲ್ಲಿ ಸಿಕ್ಕಿಕೊಂಡವರಲ್ಲಿ ಒಬ್ಬರು. ಇಂಥ ಸಹಾಯಕರೆಲ್ಲ ಸೇರಿ ನ್ಯಾಯಾಲಯಕ್ಕೆ ಹೋದರು, ನಿಯಮ ಬಿದ್ದುಹೋಯಿತು, 1999ರಲ್ಲಿ 5 ಕೋಟಿ 45 ಲಕ್ಷ ಡಾಲರಿಗೆ ರಾಜಿಯಾಯಿತು. ಇದೇ ಗೋಡೆಟ್ 2011ರಲ್ಲಿ ಭಾರತದ ಮಹಿಳಾ ತಂಡದ ಕೋಚ್ ಆಗಿ ಬಂದರು ಎಂಬುದು ನಮ್ಮವರಲ್ಲಿ ಹೆಚ್ಚು ಮಂದಿಗೆ ನೆನಪಿಲ್ಲ. ಇನ್ನೊಂದು ತುದಿಯಲ್ಲಿ ಕ್ರಿಸ್ ಡೈಲಿ ಇದ್ದಾರೆ. 1985ರಲ್ಲಿ ಜೀನೊ ಆರಿಯೆಮಾ ಅವರ ಜೊತೆ ಕನೆಕ್ಟಿಕಟ್‌ನ ಮಹಿಳಾ ತಂಡಕ್ಕೆ ಬಂದ ಆಕೆ ಎರಡನೇ ಕುರ್ಚಿಯನ್ನು ಬಿಟ್ಟು ಕದಲಲೇ ಇಲ್ಲ. 2025ರ ಹೊತ್ತಿಗೆ ಆ ಜೋಡಿ 12 ರಾಷ್ಟ್ರೀಯ ಪ್ರಶಸ್ತಿ ಗೆದ್ದಿತ್ತು. ಎರಡನೆಯವರಾಗಿರುವುದೂ ಒಂದು ಪೂರ್ಣ ವೃತ್ತಿ ಆಗಬಲ್ಲದು.

ದೇಹ ನೋಡಿಕೊಳ್ಳುವವರ ವಿಷಯಕ್ಕೆ ಬಂದರೆ, ಮಹಿಳಾ ತಂಡಕ್ಕೆ ಇವರು ಅಲಂಕಾರವಲ್ಲ. ಓಡುತ್ತಾ ಥಟ್ಟನೆ ತಿರುಗುವ, ಹಾರಿ ಇಳಿಯುವ ಆಟಗಳಲ್ಲಿ ಮೊಣಕಾಲಿನ ಮುಂಭಾಗದ ಅಡ್ಡ ಅಸ್ಥಿರಜ್ಜು, ಅಂದರೆ ಎಸಿಎಲ್, ಹರಿಯುವ ಸಾಧ್ಯತೆ ಹುಡುಗರಿಗಿಂತ ಹುಡುಗಿಯರಲ್ಲಿ ಹಲವು ಪಟ್ಟು ಹೆಚ್ಚು. ಹಾರಿದ ಮೇಲೆ ಮೊಣಕಾಲು ಒಳಕ್ಕೆ ವಾಲದಂತೆ, ಬಾಗಿಸಿ ಇಳಿಯುವುದನ್ನು ಕಲಿಸುವ, ತೊಡೆಯ ಹಿಂಭಾಗವನ್ನು ಗಟ್ಟಿಗೊಳಿಸುವ ವ್ಯಾಯಾಮವನ್ನು ದಿನವೂ ಅಭ್ಯಾಸಕ್ಕೆ ಮೊದಲು ಹತ್ತು ಹದಿನೈದು ನಿಮಿಷ ಮಾಡಿಸಿದರೆ ಅಪಾಯ ಗಣನೀಯವಾಗಿ ತಗ್ಗುತ್ತದೆ. ಸಿಮೆಂಟ್ ಅಂಕಣದಲ್ಲಿ ಆಡುವವರಿಗೆ ಇದು ಇನ್ನೂ ಅಗತ್ಯ. ಎರಡನೆಯದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿಗೆ ಅದಿದೆ. ಮೂರನೇ ಕ್ವಾರ್ಟರಿನಲ್ಲಿ ಕಾಲೆಳೆಯುವ ಹುಡುಗಿಗೆ ಸೋಮಾರಿ ಎಂಬ ಬಿರುದು ಕೊಡುವ ಮುನ್ನ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವುದು ಯಾರ ಕೆಲಸ? ಹೆಸರು ಹಚ್ಚದ ಕೆಲಸ ಯಾರದ್ದೂ ಅಲ್ಲ. ಹಾಗೆಯೇ ಚೆಂಡಿನ ಗಾತ್ರ. ಮಹಿಳೆಯರ ಆಟಕ್ಕೆ ಆರನೇ ಅಳತೆಯ ಚೆಂಡು, ಪುರುಷರದ್ದು ಏಳನೆಯದು. ಕೋಣೆಯಲ್ಲಿರುವ ಏಳನೇ ಅಳತೆಯ ಚೆಂಡಿನಲ್ಲೇ ವರ್ಷವಿಡೀ ಅಭ್ಯಾಸ ಮಾಡಿ ಪಂದ್ಯದ ದಿನ ಹಗುರವಾದ ಚೆಂಡು ಕೈಗೆ ಬಂದಾಗ ಎಸೆತವೆಲ್ಲ ಬುಟ್ಟಿ ದಾಟಿ ಹೋಗುತ್ತವೆ. ದಾಸ್ತಾನು ನೋಡುವ ಒಬ್ಬ ವಿದ್ಯಾರ್ಥಿನಿ ಮ್ಯಾನೇಜರ್ ಇದ್ದರೆ ಇದು ಜೂನ್‌ನಲ್ಲೇ ಗೊತ್ತಾಗುತ್ತದೆ.

ಅಮೆರಿಕದಲ್ಲಿ ಕಾರ್ಯನಿರ್ವಹಣಾ ನಿರ್ದೇಶಕರು ವಿಮಾನ, ಹೋಟೆಲ್ ನೋಡುತ್ತಾರೆ. ಚಿಕ್ಕಮಗಳೂರಿನಲ್ಲಿ ಅವರು ನೋಡಬೇಕಾದದ್ದು ಬಸ್ಸು. ಆಲ್ದೂರಿನಿಂದಲೋ ಮೂಡಿಗೆರೆಯಿಂದಲೋ ಬರುವ ಹುಡುಗಿಗೆ ಸಂಜೆಯ ಅಭ್ಯಾಸ ಎಷ್ಟು ಹೊತ್ತಿಗೆ ಮುಗಿಯಬೇಕೆಂದು ತೀರ್ಮಾನಿಸುವುದು ಕೋಚ್ ಅಲ್ಲ, ಬಸ್ಸು. 2023ರ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚು ಉಳಿದಿದೆ ನಿಜ. ಆದರೆ ಮಲೆನಾಡಿನ ಹಲವು ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿ ಶಕ್ತಿ ನಡೆಯುವುದಿಲ್ಲ. ಯಾರು ಯಾವ ಬಸ್ಸಿಗೆ, ಮಳೆ ಹಿಡಿದರೆ ಯಾರ ಮನೆಗೆ ಫೋನ್, ಪಂದ್ಯಕ್ಕಾಗಿ ತರಗತಿ ತಪ್ಪಿದಾಗ ಹಾಜರಿ ಕೊಡಿಸುವ ಓಓಡಿ ಪತ್ರಕ್ಕೆ ಯಾವ ಪ್ರಾಧ್ಯಾಪಕರ ಸಹಿ ಬಾಕಿ ಎಂಬುದೆಲ್ಲ ಆಟದಷ್ಟೇ ನಿಜವಾದ ಕೆಲಸ. ತಂಡದಿಂದ ಹುಡುಗಿಯರು ಬಿಟ್ಟುಹೋಗುವುದು ಹೆಚ್ಚಾಗಿ ಇಂಥ ಕಡೆಯಿಂದ.

ಬೆಂಚಿನಲ್ಲಿ ಮಹಿಳೆಯರು ಎಷ್ಟಿರಬೇಕು ಎಂಬುದು ಬೇರೆಯದೇ ಪ್ರಶ್ನೆ. ಅಮೆರಿಕದ ಕಥೆಯಲ್ಲಿ ಇಲ್ಲೊಂದು ವ್ಯಂಗ್ಯವಿದೆ. 1972ರಲ್ಲಿ ಅಲ್ಲಿನ ಕಾಲೇಜುಗಳ ಮಹಿಳಾ ತಂಡಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ತಂಡಗಳಿಗೆ ಮಹಿಳೆಯರೇ ಕೋಚ್. ಹಣ ಬಂದು ಹುದ್ದೆಗೆ ಸಂಬಳವೂ ಗೌರವವೂ ಬಂದ ಮೇಲೆ ಎಲ್ಲ ಕ್ರೀಡೆಗಳನ್ನು ಸೇರಿಸಿ ನೋಡಿದರೆ ಆ ಪಾಲು ಅರ್ಧಕ್ಕಿಂತ ಕೆಳಗಿಳಿಯಿತು. ನಮ್ಮಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ 2022ರ ಜೂನ್‌ನಲ್ಲಿ, ಮಹಿಳಾ ಕ್ರೀಡಾಪಟುಗಳಿರುವ ತಂಡಗಳು ಹೊರಗೆ ಹೋಗುವಾಗ ಮಹಿಳಾ ಕೋಚ್ ಜೊತೆಗಿರಬೇಕೆಂದು ರಾಷ್ಟ್ರೀಯ ಕ್ರೀಡಾ ಒಕ್ಕೂಟಗಳಿಗೆ ಸೂಚಿಸಿತು. ಕಾಲೇಜು ಮಟ್ಟದಲ್ಲಿ ಇದಕ್ಕೆ ಸಿದ್ಧ ಪರಿಹಾರವೊಂದು ಚಾಲ್ತಿಯಲ್ಲಿದೆ: ಆ ದಿನ ತರಗತಿ ಇಲ್ಲದ ಯಾರಾದರೂ ಉಪನ್ಯಾಸಕಿಯನ್ನು ಮ್ಯಾನೇಜರ್ ಎಂದು ಬಸ್ಸು ಹತ್ತಿಸುವುದು. ಪಾಪ, ಅವರು ಸ್ವೆಟರ್ ಹೊದ್ದು ಉತ್ತರ ಪತ್ರಿಕೆ ತಿದ್ದುತ್ತಾ ಕೂರುತ್ತಾರೆ. ಕಾವಲಿಗೆ ಬಂದ ಮಹಿಳೆ ಮತ್ತು ಟೈಮ್‌ಔಟಿನಲ್ಲಿ ಮಾತಾಡುವ ಅಧಿಕಾರವಿರುವ ಮಹಿಳೆ, ಈ ಇಬ್ಬರನ್ನೂ ಹುಡುಗಿಯರು ಒಂದೇ ರೀತಿ ನೋಡುವುದಿಲ್ಲ. ಮುಟ್ಟಿನ ನೋವು, ಅಂಕಣದಲ್ಲಿ ಎದುರಾದ ಕೆಟ್ಟ ಮಾತು, ಮನೆಯಲ್ಲಿ ಆಟ ಬಿಡಿಸುವ ಒತ್ತಾಯ, ಇವೆಲ್ಲ ತಲುಪುವುದು ಎರಡನೆಯವರನ್ನು.

ಹಾಗಾದರೆ ಒಂದೇ ಒಂದು ಕುರ್ಚಿ ತುಂಬಲು ಹಣವಿರುವ ಕಾಲೇಜು ಯಾರನ್ನು ಕರೆಯಬೇಕು? ಬೆಂಗಳೂರಿನಿಂದ ಹೆಸರಾಂತ ಕೋಚ್ ಒಬ್ಬರನ್ನು ಟೂರ್ನಿಗೆ ಹತ್ತು ದಿನ ಮುಂಚೆ ಕರೆಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಹತ್ತು ದಿನದಲ್ಲಿ ಅವರು ಕಲಿಸುವುದು ಒಂದು ಹೊಸ ಜೋನ್ ಡಿಫೆನ್ಸ್ (ಎದುರಾಳಿಯ ಬದಲು ಅಂಕಣದ ಜಾಗ ಹಂಚಿಕೊಂಡು ಕಾಯುವ ರಕ್ಷಣೆ), ಹುಡುಗಿಯರು ಮರೆಯುವುದು ಹಳೆಯದನ್ನು. ಅದರ ಬದಲು ಮೂರು ವರ್ಷ ಇದೇ ತಂಡಕ್ಕೆ ಆಡಿ ಪದವಿ ಮುಗಿಸಿ ಊರಲ್ಲೇ ಇರುವ ಹಳೆಯ ಆಟಗಾರ್ತಿಯೊಬ್ಬಳಿಗೆ ಕ್ರೀಡಾ ನಿಧಿಯಿಂದ ವರ್ಷಪೂರ್ತಿ ಗೌರವಧನ ಕೊಡಲಿ. ಪಾರ್ಟ್ ಟೈಮ್ ಆದರೂ ಸರಿ. ಪಿ.ಇ. ಸರ್ ಮುಖ್ಯ ಕೋಚ್ ಆಗಿಯೇ ಇರಲಿ. ಅವಳಿಗೆ ಮೂರು ಕೆಲಸ: ಅಭ್ಯಾಸಕ್ಕೆ ಮುಂಚಿನ ಮೊಣಕಾಲ ವ್ಯಾಯಾಮ, ಪಂದ್ಯದಲ್ಲಿ ಫೌಲ್ ಮತ್ತು ಟೈಮ್‌ಔಟ್ ಲೆಕ್ಕ, ಎದುರಾಳಿ ಕಾಲೇಜಿನ ಪಂದ್ಯವನ್ನು ಮೊಬೈಲಿನಲ್ಲಿ ಹಿಡಿದು ನೋಡಿ ಟಿಪ್ಪಣಿ ಮಾಡುವುದು. ಹಾಸನಕ್ಕೆ ಸೌಹಾರ್ದ ಪಂದ್ಯವಾಡಲು ಹೋಗುವುದಾದರೆ ಅದು ಸುಮಾರು 60 ಕಿಲೋಮೀಟರ್ ದಾರಿ; ಅಲ್ಲಿಯ ತಂಡವನ್ನು ಒಮ್ಮೆ ಮೊದಲೇ ಕಂಡುಬಂದವಳು ಆ ಬಸ್ಸಿನಲ್ಲೇ ತನ್ನ ಟಿಪ್ಪಣಿ ಓದಿ ಹೇಳಬಹುದು. ಎರಡನೇ ವರ್ಷಕ್ಕೆ ಅವಳಿಗೆ ಆಸಕ್ತಿ ಗಟ್ಟಿಯಾದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಆರು ವಾರದ ಪ್ರಮಾಣಪತ್ರ ಕೋರ್ಸ್ ಇದೆ, ಪೂರ್ಣ ಡಿಪ್ಲೊಮಾ ಇದೆ. ಕಾಲೇಜು ಶುಲ್ಕದಲ್ಲಿ ಪಾಲು ಕೊಟ್ಟರೆ ಬಾಂಡ್ ಬರೆಸಿಕೊಳ್ಳಬೇಕಾದ ಅಗತ್ಯವೂ ಬೀಳಲಾರದು.

ಒಂದು ಎಚ್ಚರಿಕೆ. ಪಂದ್ಯಕ್ಕೆ ಕನಿಷ್ಠ 40 ನಿಮಿಷ ಮೊದಲು ತಂಡದ ಪಟ್ಟಿಯನ್ನು ಸ್ಕೋರರ್‌ಗೆ ಒಪ್ಪಿಸುವಾಗ ಮುಖ್ಯ ಕೋಚ್ ಹೆಸರಿನ ಕೆಳಗೆ ಮೊದಲ ಸಹಾಯಕರು ಎಂಬ ಸಾಲು ಇರುತ್ತದೆ. ಅವಸರದಲ್ಲಿ ಅದನ್ನು ಖಾಲಿ ಬಿಡುವುದೇ ಹೆಚ್ಚು. ಅಲ್ಲಿ ಹೆಸರು ಬರೆಯದಿದ್ದರೆ, ವರ್ಷವಿಡೀ ಅವಳು ಏನೇ ಮಾಡಿರಲಿ, ಟೈಮ್‌ಔಟ್ ಕೇಳಲು ಅವಳು ಮೇಜಿನ ಬಳಿ ಹೋದರೆ ಸ್ಕೋರರ್ ಅವಳನ್ನು ವಾಪಸು ಕಳುಹಿಸುತ್ತಾರೆ.